ಹಿತ್ತಲಲ್ಲೇ ಮೇಪಲ್ ಸಿರಪ್: ಬ್ಲಾಕ್ ಒಲೆ ಕಟ್ಟುವುದರಿಂದ ಬಾಟಲಿ ತುಂಬುವವರೆಗೆ

ಮೇಪಲ್ ಸಿರಪ್ ಮಾಡುವುದು ಅಂದರೆ ನೀರು ಓಡಿಸುವ ಕೆಲಸ. ಮೇಪಲ್ ಮರದಿಂದ ಇಳಿಯುವ ರಸದಲ್ಲಿ ಸಕ್ಕರೆ ಇರುವುದು ಸುಮಾರು 2% ಮಾತ್ರ. ಸಿರಪ್‌ನಲ್ಲಿ 66% ಇರಬೇಕು. ಹಾಗಾಗಿ ಒಂದು ಲೀಟರ್ ಸಿರಪ್‌ಗೆ 40 ಲೀಟರಿಗೂ ಜಾಸ್ತಿ ರಸ ಬೇಕು. ಮಿಕ್ಕಿದ್ದೆಲ್ಲ ಹಬೆಯಾಗಿ ಹೋಗಬೇಕು.

ಮಲೆನಾಡಿನ ಆಲೆಮನೆ ನೋಡಿದವರಿಗೆ ಇದೂ ಜೋನಿ ಬೆಲ್ಲದ ಹಾಗೇ ಅಲ್ವಾ ಅನ್ನಿಸಬಹುದು. ಕೊನೆಯ ಅರ್ಧ ಗಂಟೆ ಹೌದು, ಹಾಗೇ. ಅದಕ್ಕಿಂತ ಮುಂಚಿನದು ಮಾತ್ರ ಬೇರೆ. ಕಬ್ಬಿನ ಹಾಲಿನಲ್ಲಿ 15ರಿಂದ 20% ಸಕ್ಕರೆ ಇರುತ್ತದೆ, ಆದ್ದರಿಂದ ಅಲ್ಲಿ ಆಳದ ಕೊಪ್ಪರಿಗೆ ನಡೆಯುತ್ತದೆ. ಮೇಪಲ್ ರಸಕ್ಕೆ ಅದೇ ಆಳದ ಪಾತ್ರೆ ಇಟ್ಟರೆ ಕತ್ತಲಾದರೂ ಬತ್ತುವುದಿಲ್ಲ. ಇಲ್ಲಿ ಬೇಕಾಗಿರುವುದು ಅಗಲ. ಅಗಲ ತಟ್ಟೆ, ತೆಳು ರಸ, ಜೋರು ಬೆಂಕಿ. ಈ ಮೂರು ಸರಿಯಿದ್ದರೆ ಉಳಿದದ್ದು ಸಲೀಸು.

ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಮಿಷಿಗನ್, ಕೆನಡಾದ ಆಂಟಾರಿಯೊ ಕಡೆ ಇದ್ದು, ಹಿತ್ತಲಲ್ಲಿ ನಾಲ್ಕಾರು ಮೇಪಲ್ ಮರ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಈ ವಿದ್ಯೆ ಮೂಲದಲ್ಲಿ ಆ ನೆಲದ ಮೂಲನಿವಾಸಿಗಳಾದ ಅನಿಶಿನಾಬೆ, ಅಬೆನಾಕಿ, ಹೋಡೆನೋಶೋನಿ ಜನರದ್ದು. ಅವರು ಹೆಚ್ಚಾಗಿ ಸಿರಪ್‌ಗೆ ನಿಲ್ಲಿಸದೆ ಒಣ ಸಕ್ಕರೆಯವರೆಗೆ ಬತ್ತಿಸುತ್ತಿದ್ದರು. ವರ್ಷಪೂರ್ತಿ ಇಟ್ಟುಕೊಳ್ಳಲು ಅದೇ ಅನುಕೂಲ.

ಕಾಲ

ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ. ರಸ ಇಳಿಯುವುದು ಇಂಥ ದಿನಗಳಲ್ಲೇ. ರಾತ್ರಿ ಮೈನಸ್ 5, ಹಗಲು 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಹಳ ಒಳ್ಳೆಯದು. ಮರ ಹೆಪ್ಪುಗಟ್ಟುವಾಗ ಕೆಳಗಿನಿಂದ ನೀರು ಎಳೆದುಕೊಳ್ಳುತ್ತದೆ. ಬಿಸಿಲಿಗೆ ಕರಗಿದಾಗ ಒಳಗೆ ಒತ್ತಡ ಹುಟ್ಟಿ, ತೂತು ಸಿಕ್ಕಲ್ಲಿ ರಸ ಹೊರಗೆ ಬರುತ್ತದೆ. ಇಡೀ ವಾರ ಚಳಿ ಬಿಡದಿದ್ದರೂ ರಸ ಇಲ್ಲ, ಇಡೀ ವಾರ ಬೆಚ್ಚಗಿದ್ದರೂ ಇಲ್ಲ.

ಸಾಮಾನ್ಯವಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ಸೀಸನ್. ವರ್ಮಾಂಟಿನ ಹಳಬರು ಮಾರ್ಚ್ ಮೊದಲ ಮಂಗಳವಾರ, ಊರಿನ ಸಭೆ ಸೇರುವ ದಿನ, ಮರ ಕೊರೆಯಬೇಕು ಎನ್ನುತ್ತಿದ್ದರು. ಈಗ ಕ್ಯಾಲೆಂಡರ್ ನೋಡುವುದಕ್ಕಿಂತ ಹತ್ತು ದಿನದ ಹವಾಮಾನ ನೋಡುವುದು ಮೇಲು.

ಮರ ಗುರುತಿಸುವುದು

ಇದನ್ನು ಬೇಸಿಗೆಯಲ್ಲೇ, ಎಲೆ ಇರುವಾಗಲೇ ಮಾಡಿ, ಕಾಂಡಕ್ಕೆ ಒಂದು ಬಣ್ಣದ ದಾರ ಕಟ್ಟಿಡಿ. ಚಳಿಗಾಲದಲ್ಲಿ ಬೋಳು ಮರಗಳ ನಡುವೆ ಹುಡುಕುವುದು ಹೊಸಬರಿಗೆ ಕಷ್ಟ. ಹಾಗೆ ಹುಡುಕಲೇಬೇಕಾದರೆ ರೆಂಬೆ ನೋಡಿ. ಮೇಪಲ್‌ನಲ್ಲಿ ಸಣ್ಣ ರೆಂಬೆಗಳು ಎದುರುಬದುರಾಗಿ ಜೋಡಿಯಲ್ಲಿ ಹುಟ್ಟುತ್ತವೆ. ಆಷ್ ಮರದಲ್ಲೂ ಹೀಗೇ ಇರುತ್ತದೆ, ಆದರೆ ಅದರ ರೆಂಬೆ ದಪ್ಪ. ಮೊಗ್ಗು ಚೂಪಾಗಿ ಕಂದು ಬಣ್ಣಕ್ಕಿದ್ದರೆ ಶುಗರ್ ಮೇಪಲ್, ಕೆಂಪಗೆ ದುಂಡಗಿದ್ದರೆ ರೆಡ್ ಮೇಪಲ್.

ಶುಗರ್ ಮೇಪಲ್ ಇದ್ದರೆ ಬಹಳ ಒಳ್ಳೆಯದು, ಸಕ್ಕರೆ ಅಂಶ ಜಾಸ್ತಿ. ಇಲ್ಲದಿದ್ದರೆ ರೆಡ್ ಮೇಪಲ್, ಸಿಲ್ವರ್ ಮೇಪಲ್ ಕೂಡ ನಡೆಯುತ್ತವೆ, ಸ್ವಲ್ಪ ಹೆಚ್ಚು ಸೌದೆ ಉರಿಸಬೇಕಾಗುತ್ತದೆ ಅಷ್ಟೇ. ರಸ್ತೆ ಬದಿಯ ಮರ, ಪಾರ್ಕಿನ ಮರ ನಿಮ್ಮದಲ್ಲ, ಅನುಮತಿ ಇಲ್ಲದೆ ಮುಟ್ಟಬೇಡಿ.

ಎದೆ ಎತ್ತರದಲ್ಲಿ ಟೇಪ್ ಸುತ್ತಿ ಅಳೆಯಿರಿ. ಸುತ್ತಳತೆ 38 ಇಂಚು ಇದ್ದರೆ ವ್ಯಾಸ 12 ಇಂಚು, ಅಂಥ ಮರಕ್ಕೆ ಒಂದು ತೂತು. ಸುತ್ತಳತೆ 57 ಇಂಚು ದಾಟಿದರೆ ಎರಡು. ಅದಕ್ಕಿಂತ ದೊಡ್ಡ ಮರವಾದರೂ ಎರಡೇ ಸಾಕು. ಆಸೆ ಬೇಡ.

ಮರ ಕೊರೆಯುವುದು

ಬೇಕಾಗುವ ಸಾಮಾನು: ಡ್ರಿಲ್, 5/16 ಇಂಚಿನ ಹೊಸ ಬಿಟ್, ಅದೇ ಅಳತೆಯ ನಳಿಕೆಗಳು (ಅಂಗಡಿಯಲ್ಲಿ ಸ್ಪೈಲ್ ಎಂದು ಕೇಳಿ), ಸಣ್ಣ ಸುತ್ತಿಗೆ, ಮುಚ್ಚಳವಿರುವ ಬಕೆಟ್. ಹಳೆಯ ಕಾಲದ ನಳಿಕೆಗಳು 7/16 ಇಂಚಿನವು. ಸಣ್ಣ ತೂತು ಮರಕ್ಕೆ ಬೇಗ ವಾಸಿಯಾಗುತ್ತದೆ, ಹೊಸದನ್ನೇ ಕೊಳ್ಳಿ.

ಎರಡರಿಂದ ನಾಲ್ಕು ಅಡಿ ಎತ್ತರದಲ್ಲಿ, ಒಂದೂವರೆ ಇಂಚು ಆಳಕ್ಕೆ ಕೊರೆಯಿರಿ. ಬಿಟ್‌ಗೆ ಆ ಅಳತೆಯಲ್ಲಿ ಟೇಪ್ ಅಂಟಿಸಿಕೊಂಡರೆ ಅಂದಾಜು ತಪ್ಪುವುದಿಲ್ಲ. ಒಳಗಿನಿಂದ ಹೊರಕ್ಕೆ ರಸ ಹರಿಯುವಂತೆ ತೂತು ಒಂಚೂರು ಮೇಲ್ಮುಖವಾಗಿರಲಿ. ಹೊರಬರುವ ಮರದ ಪುಡಿ ತಿಳಿ ಕೆನೆ ಬಣ್ಣಕ್ಕಿದ್ದರೆ ಸರಿ. ಕಂದು ಬಣ್ಣಕ್ಕಿದ್ದರೆ ಅಲ್ಲಿ ಮರ ಸತ್ತಿದೆ, ಬೇರೆ ಕಡೆ ನೋಡಿ. ಹಳೆಯ ವರ್ಷದ ತೂತಿನ ಮೇಲೂ ಕೆಳಗೂ ಮರದ ಒಳಗೆ ಉದ್ದಕ್ಕೆ ಇಂಥ ಸತ್ತ ಭಾಗ ಇರುತ್ತದೆ. ಆದ್ದರಿಂದ ಹೊಸ ತೂತು ಪಕ್ಕಕ್ಕೆ ಕೆಲವು ಇಂಚು ಸರಿದೇ ಇರಬೇಕು.

ನಳಿಕೆ ಇಟ್ಟು ಮೆಲ್ಲಗೆ ತಟ್ಟಿ. ಸುತ್ತಿಗೆಯ ಸದ್ದು ಗಟ್ಟಿಯಾಗಿ ಬದಲಾದ ಕೂಡಲೇ ನಿಲ್ಲಿಸಿ. ಜೋರಾಗಿ ಹೊಡೆದರೆ ಮರ ಸೀಳಿ, ರಸ ಪಕ್ಕದಿಂದ ಸೋರುತ್ತದೆ.

ಒಂದು ನಳಿಕೆಯಿಂದ ಇಡೀ ಸೀಸನ್‌ಗೆ ಸುಮಾರು 40 ಲೀಟರ್ ರಸ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಹತ್ತು ನಳಿಕೆಗೆ ಹೆಚ್ಚೂಕಡಿಮೆ ಹತ್ತು ಲೀಟರ್ ಸಿರಪ್. ಆದರೆ ಅದು ದಿನಕ್ಕಿಷ್ಟು ಎಂದು ಬರುವುದಿಲ್ಲ. ನಾಲ್ಕು ದಿನ ಹನಿಯೂ ಇರದೆ, ಐದನೇ ದಿನ ಬಕೆಟ್ ತುಂಬಿ ಚೆಲ್ಲುತ್ತದೆ.

ರಸ ಕೆಡದಂತೆ ಇಡುವುದು

ಈ ರಸವನ್ನು ಹಾಲಿನಷ್ಟೇ ಜೋಪಾನ ಮಾಡಬೇಕು. 4 ಡಿಗ್ರಿಗಿಂತ ತಣ್ಣಗಿಡಿ, ಎರಡು ಮೂರು ದಿನದೊಳಗೆ ಬತ್ತಿಸಿ. ಮನೆಯ ಉತ್ತರ ಭಾಗದ ನೆರಳಿನಲ್ಲಿ ಹಿಮದ ಗುಡ್ಡೆಯೊಳಗೆ ಡ್ರಮ್ ಹೂತರೆ ಪುಕ್ಕಟೆ ಫ್ರಿಜ್. ಬಕೆಟ್ ಮಾತ್ರ ಆಹಾರಕ್ಕೆ ಬಳಸುವಂಥದ್ದೇ ಆಗಿರಲಿ. ಬೇಕರಿಗಳಲ್ಲಿ ಕೇಳಿದರೆ ಕೇಕ್ ಕ್ರೀಮಿನ ಖಾಲಿ ಬಕೆಟ್ ಕೊಡುವುದುಂಟು. ಉಪ್ಪಿನಕಾಯಿಯ ಬಕೆಟ್ ಬೇಡ, ಎಷ್ಟು ತೊಳೆದರೂ ವಾಸನೆ ಹೋಗದು. ಅಜ್ಜನ ಕಾಲದ ತಗಡಿನ ಬಕೆಟ್‌ಗಳು ನೋಡಲು ಚೆಂದ, ಆದರೆ ಅವುಗಳ ಬೆಸುಗೆಯಲ್ಲಿ ಸೀಸ ಇರಬಹುದು. ಅಲಂಕಾರಕ್ಕೆ ಇಟ್ಟುಕೊಳ್ಳಿ.

ಬೆಳಿಗ್ಗೆ ಬಕೆಟ್‌ನಲ್ಲಿ ಮಂಜುಗಡ್ಡೆ ತೇಲುತ್ತಿದ್ದರೆ ತೆಗೆದು ಎಸೆಯಿರಿ. ಮೊದಲು ಹೆಪ್ಪುಗಟ್ಟುವುದು ಬಹುಪಾಲು ಬರೀ ನೀರು, ಸಕ್ಕರೆ ಕೆಳಗಿನ ದ್ರವದಲ್ಲೇ ಉಳಿಯುತ್ತದೆ. ಅಷ್ಟು ಸೌದೆ ಉಳಿದಂತೆ.

ಒಲೆ

ಮೊದಲು ಒಂದು ಲೆಕ್ಕ. 40 ಲೀಟರ್ ರಸವನ್ನು ಕುದಿಗೆ ತಂದು ಒಂದು ಲೀಟರಿಗೆ ಇಳಿಸಲು, ಒಂದು ಚೂರೂ ಶಾಖ ಪೋಲಾಗದಿದ್ದರೂ, ಸುಮಾರು 29 ಯೂನಿಟ್ ಕರೆಂಟಿನಷ್ಟು ಶಕ್ತಿ ಬೇಕು. ನಿಜದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅಡುಗೆಮನೆಯಲ್ಲಿ ಮಾಡಹೊರಟರೆ ಬಿಲ್ಲಿನ ಮಾತು ಹಾಗಿರಲಿ, 39 ಲೀಟರ್ ನೀರು ಹಬೆಯಾಗಿ ನಿಮ್ಮ ಗೋಡೆಗೆ ಅಂಟುತ್ತದೆ. ವಾಲ್‌ಪೇಪರ್ ಕಿತ್ತು ಬಂದ ಕಥೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಹೊರಗೆ, ಸೌದೆಯಲ್ಲಿ.

ಎಣ್ಣೆ ಡ್ರಮ್ ಸೀಳಿ ಒಲೆ ಮಾಡುವವರಿದ್ದಾರೆ, ಹಳೆಯ ಕಬ್ಬಿಣದ ಫೈಲ್ ಕಪಾಟು ಮಲಗಿಸಿ ಮಾಡುವವರೂ ಇದ್ದಾರೆ. ಎರಡೂ ಚೆನ್ನಾಗಿ ಉರಿಯುತ್ತವೆ. ಆದರೆ ಪೆಟ್ರೋಲ್, ಥಿನ್ನರ್ ತುಂಬಿದ್ದ ಡ್ರಮ್ ಕತ್ತರಿಸುವಾಗ ಒಳಗಿನ ಆವಿ ಸಿಡಿಯಬಹುದು. ಬಣ್ಣವನ್ನೂ ಮೊದಲೇ ಸುಟ್ಟು ತೆಗೆಯಬೇಕು. ಮೊದಲ ವರ್ಷಕ್ಕೆ ನನ್ನ ಮತ ಸಿಮೆಂಟ್ ಬ್ಲಾಕ್ ಒಲೆಗೆ. ವೆಲ್ಡಿಂಗ್ ಬೇಡ, ಗಾರೆ ಬೇಡ, ಬೇಸಿಗೆಯಲ್ಲಿ ಬಿಚ್ಚಿ ಮೂಲೆಗಿಡಬಹುದು.

ಬೇಕಾದದ್ದು: 16 ಇಂಚು ಉದ್ದ, 8 ಇಂಚು ಅಗಲ, 8 ಇಂಚು ಎತ್ತರದ 16 ಹಾಲೋ ಬ್ಲಾಕ್. ಸ್ಟೇನ್‌ಲೆಸ್ ಸ್ಟೀಲಿನ ಮೂರು ಹೋಟೆಲ್ ಪ್ಯಾನ್, ಅಂದರೆ ಬಫೆಯಲ್ಲಿ ಅನ್ನ ಸಾರು ಬಿಸಿಯಾಗಿಡುವ ಆಯತದ ಪಾತ್ರೆ, ದೊಡ್ಡ ಸೈಜಿನದು, 4 ಇಂಚು ಆಳದ್ದು. 6 ಇಂಚು ಅಗಲದ ಕಪ್ಪು ಉಕ್ಕಿನ ಹೊಗೆ ಕೊಳವೆ, ಐದಾರು ಅಡಿ ಉದ್ದ. ಒಂದೆರಡು ಉಕ್ಕಿನ ತಗಡು, ಒಂದು ಕಬ್ಬಿಣದ ಜಾಲರಿ, ಕೆಲವು ಫೈರ್ ಬ್ರಿಕ್ (ಬೆಂಕಿ ತಾಳುವ ಇಟ್ಟಿಗೆ), ಒಂದಿಷ್ಟು ಮರಳು. ಬೆಂಕಿ ತಾಗುವಲ್ಲಿ ಗ್ಯಾಲ್ವನೈಸ್ಡ್, ಅಂದರೆ ಸತು ಲೇಪಿಸಿದ, ತಗಡು ಅಥವಾ ಕೊಳವೆ ಹಾಕಲೇಬೇಡಿ. ಕಾದಾಗ ಸತುವಿನ ಹೊಗೆ ಬರುತ್ತದೆ, ಅದು ವಿಷ.

ಜಾಗ ಮನೆಯಿಂದ, ಬೇಲಿಯಿಂದ, ಒಣ ಹುಲ್ಲಿನಿಂದ ದೂರ ಇರಲಿ. ಬಯಲಲ್ಲಿ ಬೆಂಕಿ ಹಾಕಲು ನಿಮ್ಮ ಊರಿನ ನಿಯಮ ಏನಿದೆ ಎಂದು ಮುಂಚೆ ಕೇಳಿಕೊಳ್ಳಿ. ಗ್ಯಾರೇಜಿನೊಳಗೆ ಖಂಡಿತ ಬೇಡ, ಹೊಗೆಯಲ್ಲಿರುವ ವಿಷಾನಿಲ ಇಂಗಾಲದ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ.

ಒಲೆಯನ್ನು ನೇರ ನೆಲದ ಮೇಲೆ ಕಟ್ಟುವುದು ಬೇಡ. ಮಾರ್ಚ್‌ನಲ್ಲಿ ನೆಲ ಹೆಪ್ಪುಗಟ್ಟಿರುತ್ತದೆ. ಬೆಂಕಿಯ ಶಾಖಕ್ಕೆ ಅದು ಕರಗಿ ಕೆಸರಾದಾಗ ಒಲೆ ಒಂದು ಕಡೆ ವಾಲುತ್ತದೆ. ಪ್ಯಾನಿನ ಒಂದು ಮೂಲೆಯಲ್ಲಿ ರಸ ಖಾಲಿಯಾಗಿ ಅಲ್ಲೇ ಸೀಯುತ್ತದೆ. ಶರತ್ಕಾಲದಲ್ಲೇ ಜಲ್ಲಿ ಹರಡಿ, ಚಪ್ಪಡಿ ಹಾಸಿ, ಮಟ್ಟ ನೋಡಿಟ್ಟುಕೊಳ್ಳಿ.

ಈಗ ಕಟ್ಟುವುದು. ಉದ್ದಕ್ಕೆ ಮೂರು ಬ್ಲಾಕ್, ಎರಡು ವರಸೆ. ಎದುರಿಗೆ ಅಂಥದ್ದೇ ಇನ್ನೊಂದು ಗೋಡೆ. ನಡುವಿನ ಅಂತರ 20 ಇಂಚು. ಪ್ಯಾನ್ ಅಡ್ಡಲಾಗಿ ಕೂತಾಗ ಅದರ ಅಂಚು ಎರಡೂ ಗೋಡೆಯ ಮೇಲೆ ನಿಲ್ಲಬೇಕು, ಹೊಟ್ಟೆ ಒಳಗೆ ಇಳಿಯಬೇಕು. ಕೈಯಲ್ಲಿ ಪ್ಯಾನ್ ಹಿಡಿದೇ ಅಂತರ ಹೊಂದಿಸಿ, ಕಂಪನಿಯಿಂದ ಕಂಪನಿಗೆ ಅಳತೆ ಸ್ವಲ್ಪ ಬದಲಾಗುತ್ತದೆ. ಹಿಂದಿನ ಗೋಡೆಗೆ ನಾಲ್ಕು ಬ್ಲಾಕ್. ಮೂರು ಪ್ಯಾನ್ ಸಾಲಾಗಿ ಇಟ್ಟ ಮೇಲೆ ಹಿಂದೆ 8 ಇಂಚಿನಷ್ಟು ಜಾಗ ಉಳಿಯುತ್ತದೆ. ಅದನ್ನು ತಗಡಿನಿಂದ ಮುಚ್ಚಿ, ಅದರಲ್ಲಿ ತೂತು ಮಾಡಿ ಹೊಗೆ ಕೊಳವೆ ನಿಲ್ಲಿಸಿ, ತಂತಿ ಕಟ್ಟಿ ಬಿಗಿ ಮಾಡಿ.

ಮುಂದಿನ ಭಾಗದಲ್ಲಿ ಇಟ್ಟಿಗೆ ಮೇಲೆ ಜಾಲರಿ ಇಟ್ಟು, ಅಡಿಯಿಂದ ಗಾಳಿ ಹೋಗಲು ನಾಲ್ಕು ಇಂಚು ಬಿಡಿ. ಬೆಂಕಿ ತಾಗುವ ಗೋಡೆಗೆ ಫೈರ್ ಬ್ರಿಕ್ ಒರಗಿಸಿ, ಇಲ್ಲದಿದ್ದರೆ ಸಿಮೆಂಟ್ ಬ್ಲಾಕ್ ಬೇಗ ಸೀಳುತ್ತದೆ. ಬಾಯಿಗೆ ಒಂದು ತಗಡು, ಬೇಕಾದಾಗ ಸರಿಸುವಂತೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆಮೇಲೆ ಹಿಂದಿನ ಪ್ಯಾನ್ ಕುದಿಯುವುದೇ ಇಲ್ಲ ಎಂದು ಗೊಣಗುತ್ತಾರೆ. ಬೆಂಕಿ ನೆಲದ ಮಟ್ಟದಲ್ಲೇ ಓಡಿ ಕೊಳವೆ ಸೇರಿದರೆ ಪ್ಯಾನಿಗೇನು ಸಿಗುತ್ತದೆ? ಎರಡನೇ ಪ್ಯಾನಿನ ಅಡಿಯಿಂದ ಹಿಂದಕ್ಕೆ ಮರಳು, ಒಡೆದ ಇಟ್ಟಿಗೆ ತುಂಬಿ ಇಳಿಜಾರಿನಂತೆ ಏರಿಸಿ. ಹಿಂದಿನ ಪ್ಯಾನಿನ ತಳಕ್ಕೂ ಮರಳಿಗೂ ಮೂರು ನಾಲ್ಕು ಇಂಚು ಮಾತ್ರ ಸಂದು ಉಳಿಯಲಿ. ಜ್ವಾಲೆ ಮೇಲೆದ್ದು ಪ್ಯಾನಿನ ತಳ ನೆಕ್ಕಿಕೊಂಡೇ ಹೋಗಬೇಕು. ಈ ಮರಳಿನ ಇಳಿಜಾರಿಗೆ ಖರ್ಚೇನೂ ಇಲ್ಲ, ಆದರೆ ಒಲೆಯ ಅರ್ಧ ಜೀವ ಅದರಲ್ಲೇ ಇದೆ. ಪ್ಯಾನ್ ಮತ್ತು ಬ್ಲಾಕ್ ನಡುವಿನ ಸಂದುಗಳನ್ನೂ ಒಲೆಗೆ ಸುತ್ತುವ ಶಾಖನಿರೋಧಕ ಹಗ್ಗದಿಂದ ಮುಚ್ಚಿ. ಅಲ್ಲಿಂದ ಹೊಗೆ ಬಂದರೆ ಸಿರಪ್‌ಗೆ ವಾಸನೆ ಹಿಡಿಯುತ್ತದೆ.

ರಸ ಬರುವ ಮುಂಚೆ ಒಂದು ದಿನ ಬರೀ ನೀರು ಹಾಕಿ ಕುದಿಸಿ ನೋಡಿ. ಹೊಸ ಪ್ಯಾನಿನ ಜಿಡ್ಡು ಹೋಗುತ್ತದೆ, ಮಟ್ಟ ಸರಿಯಿದೆಯಾ ತಿಳಿಯುತ್ತದೆ, ಗಂಟೆಗೆ ಎಷ್ಟು ಲೀಟರ್ ಬತ್ತುತ್ತದೆ ಎಂಬುದೂ ಗೊತ್ತಾಗುತ್ತದೆ. ಮೂರು ಪ್ಯಾನಿನ ಒಟ್ಟು ವಿಸ್ತೀರ್ಣ ಸುಮಾರು 5 ಚದರ ಅಡಿ. ಬೆಂಕಿ ಚೆನ್ನಾಗಿದ್ದರೆ ಗಂಟೆಗೆ 12ರಿಂದ 18 ಲೀಟರ್ ನಿರೀಕ್ಷಿಸಬಹುದು. ಈ ಸಂಖ್ಯೆ ಕೈಯಲ್ಲಿದ್ದರೆ, ಡ್ರಮ್‌ನಲ್ಲಿ ಇಷ್ಟು ರಸವಿದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಒಲೆ ಹಚ್ಚಬೇಕು ಎಂದು ಲೆಕ್ಕ ಹಾಕಬಹುದು.

ಬತ್ತಿಸುವ ದಿನ

ಸೌದೆ ಚೆನ್ನಾಗಿ ಒಣಗಿರಬೇಕು, ಮಣಿಕಟ್ಟಿನ ದಪ್ಪಕ್ಕೆ ಸೀಳಿರಬೇಕು. ದೊಡ್ಡ ದಿಮ್ಮಿ ನಿಧಾನವಾಗಿ ಕೆಂಡವಾಗುತ್ತದೆ, ನಮಗೆ ಬೇಕಾದ್ದು ಉದ್ದ ಜ್ವಾಲೆ. ಏಳೆಂಟು ನಿಮಿಷಕ್ಕೊಮ್ಮೆ ನಾಲ್ಕೈದು ತುಂಡು ಹಾಕುತ್ತಲೇ ಇರಿ. ಒಮ್ಮೆಗೇ ತುಂಬಿಸಿ ಕಾಫಿಗೆ ಹೋದರೆ ಕುದಿ ಬಿದ್ದುಹೋಗುತ್ತದೆ.

ಬಟ್ಟೆಯಲ್ಲಿ ಸೋಸಿದ ರಸವನ್ನು ಮೂರೂ ಪ್ಯಾನಿಗೆ ಎರಡು ಇಂಚು ಸುರಿದ ಮೇಲೆಯೇ ಬೆಂಕಿ ಹಚ್ಚಿ. ಆಮೇಲಿನ ಕ್ರಮ ಹೀಗೆ: ತಣ್ಣನೆಯ ರಸ ಯಾವಾಗಲೂ ಹೊಗೆ ಕೊಳವೆಯ ಪಕ್ಕದ ಪ್ಯಾನಿಗೆ. ಅದು ಬಿಸಿಯಾದ ಮೇಲೆ ಸೌಟಿನಲ್ಲಿ ನಡುವಿನ ಪ್ಯಾನಿಗೆ, ನಡುವಿನದು ಮುಂದಿನದಕ್ಕೆ. ಹೀಗೆ ಮಾಡಿದರೆ ಕುದಿಯುವ ಪ್ಯಾನಿಗೆ ತಣ್ಣನೆಯದು ಬೀಳುವುದಿಲ್ಲ, ಗಟ್ಟಿ ರಸವೆಲ್ಲ ಮುಂದೆ ಸೇರುತ್ತದೆ. ಮುಂದಿನ ಪ್ಯಾನಿನಲ್ಲಿ ರಸ ಒಂದೂವರೆ ಇಂಚಿಗಿಂತ ಕೆಳಗಿಳಿಯಲು ಬಿಡಬೇಡಿ. ತಳ ಒಣಗಿದರೆ ಸೀಯಲು ಒಂದೇ ನಿಮಿಷ ಸಾಕು, ದಿನದ ದುಡಿಮೆಯೂ ಪ್ಯಾನೂ ಒಟ್ಟಿಗೆ ಹೋಗುತ್ತವೆ.

ನೊರೆ ಬರುತ್ತದೆ. ತೂತಿನ ಸೌಟಿನಲ್ಲಿ ತೆಗೆಯುತ್ತಿರಿ. ಉಕ್ಕಿ ಬಂದರೆ ಒಂದು ಹನಿ ಕೊಬ್ಬು ಬಿದ್ದರೆ ತಟ್ಟನೆ ಕುಸಿಯುತ್ತದೆ. ಹಿಂದೆ ಇದಕ್ಕಾಗಿ ಪ್ಯಾನಿನ ಮೇಲೆ ಉಪ್ಪು ಹಾಕಿದ ಹಂದಿ ಕೊಬ್ಬಿನ ತುಂಡು ನೇತುಹಾಕುತ್ತಿದ್ದರು. ನೊರೆ ಎದ್ದು ಅದಕ್ಕೆ ತಾಗಿದರೆ ಇಳಿಯುತ್ತಿತ್ತು. ಮನೆಯಲ್ಲಿ ಕಡ್ಡಿ ತುದಿಯಷ್ಟು ತುಪ್ಪ ಸಾಕು. ಸಿರಪ್ ಬೇರೆಯವರಿಗೂ ಕೊಡುವುದಾದರೆ ಅಡುಗೆ ಎಣ್ಣೆ ಬಳಸಿ, ಹಾಲಿನ ಅಲರ್ಜಿ ಇರುವವರಿಗೆ ತೊಂದರೆಯಾಗದು.

ಥರ್ಮಾಮೀಟರ್ ನೋಡುತ್ತಾ ಕೂರಬೇಡಿ. 40 ಲೀಟರ್ ಬತ್ತಿ 8 ಲೀಟರ್ ಆದರೂ ಸಕ್ಕರೆ ಇನ್ನೂ 10% ಮಾತ್ರ, ಕುದಿಯುವ ಉಷ್ಣತೆ ಹೆಚ್ಚೂಕಡಿಮೆ ನೀರಿನದೇ. 50% ತಲುಪಿದಾಗಲೂ ಏರಿರುವುದು ಎರಡು ಡಿಗ್ರಿಯಷ್ಟೇ. ಅಲ್ಲಿಂದ ಮುಂದೆ ಮಾತ್ರ ಓಟ ಶುರು. ಅದಕ್ಕೇ ಕೊನೆಯ ಭಾಗವನ್ನು ಸೌದೆ ಒಲೆಯಲ್ಲಿ ಮಾಡಬಾರದು.

ರಸ ತಿಳಿ ಚಹಾ ಬಣ್ಣಕ್ಕೆ ತಿರುಗಿ, ಎಲ್ಲ ಸೇರಿ ನಾಲ್ಕೈದು ಲೀಟರಿಗೆ ಇಳಿದಾಗ ಸೌದೆ ಹಾಕುವುದನ್ನು ನಿಲ್ಲಿಸಿ. ಬೆಂಕಿ ಕೆಂಡವಾಗಲಿ. ಜ್ವಾಲೆ ಇರುವಾಗ ಪ್ಯಾನ್ ಎತ್ತಿದರೆ ಆ ಖಾಲಿ ಜಾಗದಿಂದ ಬೆಂಕಿ ಮುಖಕ್ಕೇ ಬರುತ್ತದೆ. ದಪ್ಪ ಕೈಗವಸು ಹಾಕಿ, ಇಬ್ಬರು ಸೇರಿ ಎತ್ತಿ. ಮಕ್ಕಳು, ನಾಯಿ ಹತ್ತಿರ ಇರಬಾರದು. ಒಲೆ ಮೇಲೆ ಉಳಿದ ಪ್ಯಾನಿಗೆ ನೀರು ಸುರಿದಿಡಿ.

ಹದ

ಇನ್ನು ಗ್ಯಾಸ್ ಒಲೆ, ಎತ್ತರದ ಪಾತ್ರೆ. ಮೊದಲು ಅದೇ ಥರ್ಮಾಮೀಟರಿನಲ್ಲಿ ಅದೇ ದಿನ ಕುದಿಯುವ ನೀರಿನ ಉಷ್ಣತೆ ಅಳೆಯಿರಿ. ಊರಿನ ಎತ್ತರ, ಆ ದಿನದ ಗಾಳಿಯ ಒತ್ತಡ ಎರಡರಿಂದಲೂ ಅದು ಬದಲಾಗುತ್ತದೆ. ಬಂದ ಅಂಕಿಗೆ 4 ಡಿಗ್ರಿ ಸೇರಿಸಿ. ನೀರು 99.5ಕ್ಕೆ ಕುದಿದರೆ ಸಿರಪ್ 103.5ಕ್ಕೆ ಆಗುತ್ತದೆ. ಪುಸ್ತಕದಲ್ಲಿರುವ 104 ಎಂಬುದು ಸಮುದ್ರ ಮಟ್ಟದ ಲೆಕ್ಕ.

ಸೌಟು ಅದ್ದಿ ಎತ್ತಿ ಓರೆ ಹಿಡಿಯಿರಿ. ಹನಿಹನಿಯಾಗಿ ಬೀಳದೆ, ಅಂಚಿನಲ್ಲಿ ಹನಿಗಳು ಕೂಡಿ ಹಾಳೆಯಂತೆ ಜಾರಿದರೆ ಹದ ಬಂದಿದೆ. ಎಳೆ ಪಾಕ ನೋಡಿ ಪಳಗಿದ ಕೈಗೆ ಇದು ಬೇಗ ಒಲಿಯುತ್ತದೆ. ಆದರೆ ಜಾಗ್ರತೆ, ಬೆರಳಲ್ಲಿ ಎಳೆ ಬರುವವರೆಗೆ ಕಾದರೆ ಸಿರಪ್‌ನ ಹದ ದಾಟಿಹೋಗಿರುತ್ತದೆ. ಹೈಡ್ರೋಮೀಟರ್ (ಸಿರಪ್‌ನಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಕೊಳವೆ) ಕೊಂಡರೆ ಅನುಮಾನವೇ ಬೇಡ: ಬಿಸಿ ಸಿರಪ್‌ಗೆ ಒಂದು ಗೆರೆ, ತಣ್ಣಗಾದದ್ದಕ್ಕೆ ಇನ್ನೊಂದು. ತೆಳುವಾಗಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಹುಳಿಯುತ್ತದೆ. ಗಟ್ಟಿಯಾದರೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕೂರುತ್ತದೆ; ಅದು ನಷ್ಟವಲ್ಲ, ಮಕ್ಕಳಿಗೆ ಹಬ್ಬ.

ಹೊರಗೆ ಇನ್ನೂ ಶುಭ್ರ ಹಿಮ ಇದ್ದರೆ ಒಂದು ಲೋಟ ಸಿರಪ್ ತೆಗೆದು 112 ಡಿಗ್ರಿಯವರೆಗೆ ಕಾಯಿಸಿ ಹಿಮದ ಮೇಲೆ ಸುರಿಯಿರಿ. ಜಗಿಯುವ ಮಿಠಾಯಿಯಾಗುತ್ತದೆ. ವರ್ಮಾಂಟಿನಲ್ಲಿ ಇದರ ಜೊತೆ ಡೋನಟ್, ಹುಳಿ ಸೌತೆಕಾಯಿ ಕೊಡುತ್ತಾರೆ. ಕೇಳಲು ವಿಚಿತ್ರ, ಆದರೆ ಸಿಹಿ ಮುಖಕ್ಕೆ ಹೊಡೆದಾಗ ಆ ಹುಳಿ ಬೇಕೇ ಬೇಕು.

ಸೋಸಿ ತುಂಬುವುದು

ಹದಕ್ಕೆ ಬಂದ ಸಿರಪ್ ಮಬ್ಬಾಗಿರುತ್ತದೆ. ರಸದಲ್ಲಿದ್ದ ಖನಿಜಗಳು ಮರಳಿನಂತೆ ಕೂಡಿಕೊಂಡಿರುತ್ತವೆ. ತಿಂದರೆ ಅಪಾಯವಿಲ್ಲ, ಬಾಯಿಗೆ ಕರಕರ ಅನ್ನುತ್ತದೆ ಅಷ್ಟೇ. ಕುದಿ ಬಿಸಿ ಇರುವಾಗಲೇ ಶಂಕುವಿನಾಕಾರದ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಸೋಸುಚೀಲದಲ್ಲಿ, ಒಳಗೊಂದು ತೆಳು ಪದರ ಹಾಕಿ ಸೋಸಿ. ಚೀಲವನ್ನು ಮೊದಲು ಬಿಸಿ ನೀರಿನಲ್ಲಿ ಅದ್ದಿಕೊಳ್ಳಿ. ಹಿಂಡಬೇಡಿ. ಸೋಪು ಯಾವತ್ತೂ ಹಾಕಬೇಡಿ, ಅದರ ರುಚಿ ಮುಂದಿನ ಸಿರಪ್‌ಗೆ ಬರುತ್ತದೆ. ಸೀರೆ ತುಂಡು, ಪಂಚೆ ಬಟ್ಟೆ ಇಲ್ಲಿ ಸಾಲದು, ಈ ಮರಳು ಅಷ್ಟು ನಯ.

ಸೋಸಿದ್ದನ್ನು 82ರಿಂದ 88 ಡಿಗ್ರಿ ನಡುವೆ ಕಾಯಿಸಿ, ಬಿಸಿ ಬಾಟಲಿಗೆ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಮಲಗಿಸಿ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಮತ್ತೆ ಮರಳು ಹುಟ್ಟುತ್ತದೆ. ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ. ಸೀಸನ್ ಮೊದಲಿನದು ಹೊಂಬಣ್ಣ, ರುಚಿ ನವಿರು. ಕೊನೆಯದು ಕಡು ಕಂದು, ರುಚಿ ಜೋರು. ಅಂಗಡಿಯಲ್ಲಿ ಇವಕ್ಕೆ ಬೇರೆ ಬೇರೆ ದರ್ಜೆಯ ಹೆಸರಿದೆ. ದೋಸೆಗೆ ನಾನು ಆರಿಸುವುದು ಕಡು ಬಣ್ಣದ್ದನ್ನೇ.

ಯಾವಾಗ ನಿಲ್ಲಿಸುವುದು

ಮೊಗ್ಗು ಉಬ್ಬಿದ ಮೇಲೆ ರಸದ ರುಚಿ ಕೆಡುತ್ತದೆ, ಕುದಿಸುವಾಗಲೇ ಒಂಥರಾ ಕೆಟ್ಟ ವಾಸನೆ ಬರುತ್ತದೆ. ರೆಡ್ ಮೇಪಲ್‌ನಲ್ಲಿ ಇದು ಬೇಗ. ರಸ ಹಳದಿಯಾಗಿ, ಮಬ್ಬಾಗಿ ಇಳಿದರೂ ಮುಗಿಯಿತು ಎಂದೇ ಲೆಕ್ಕ. ನಳಿಕೆ ಕಿತ್ತು, ಬಿಸಿ ನೀರಿನಲ್ಲಿ ತೊಳೆದು, ಒಣಗಿಸಿ ಎತ್ತಿಡಿ. ತೂತಿಗೆ ಬೆಣೆ, ಮೇಣ ಏನೂ ಬೇಡ. ಮರ ತಾನೇ ಮುಚ್ಚಿಕೊಳ್ಳುತ್ತದೆ.

ಪ್ಯಾನಿನ ತಳಕ್ಕೆ ಅಂಟಿದ ಬಿಳಿ ಪದರಕ್ಕೆ ವಿನೆಗರ್ ಬೆರೆಸಿದ ನೀರು ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಉಜ್ಜಿದರೆ ಎದ್ದುಬರುತ್ತದೆ. ಒಲೆಯ ಬ್ಲಾಕ್‌ಗಳಲ್ಲಿ ಮುಂಭಾಗದ ಮೂರು ನಾಲ್ಕು ಸೀಳಿರುತ್ತವೆ. ಅವನ್ನು ಈಗಲೇ ಬೇರೆ ಇಡಿ, ಬೇಸಿಗೆಯಲ್ಲಿ ಹೊಸದು ತಂದುಕೊಳ್ಳಿ. ಮುಂದಿನ ವರ್ಷದ ಸೌದೆಯನ್ನೂ ಈಗಲೇ ಸೀಳಿ ಮುಚ್ಚಿಗೆಯಡಿ ಪೇರಿಸಿಡಿ, ಒಣಗಲು ಒಂದು ಬೇಸಿಗೆ ಬೇಕೇ ಬೇಕು.